ಕೋಲ್ಮನ್ ಸಾಹೇಬರು ಮತ್ತು ನಮ್ಮ ಹೊಲದ ಸಾರಜನಕ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಯಾರ ಬಗ್ಗೆ ಬರೆಯೋದು ಅಂತ ನಾವು ಬಹಳ ಯೋಚನೆ ಮಾಡಿದೆವು. ಸರ್ ಎಂ. ವಿಶ್ವೇಶ್ವರಯ್ಯನವರ ವಿಚಾರ ಎಲ್ಲರಿಗೂ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ವಿಚಾರ ಶಾಲೆ ಮಕ್ಕಳಿಗೂ ಬಾಯಿಪಾಠ. ಅವರಿಬ್ಬರ ಕಾಲದಲ್ಲೇ ಮೈಸೂರು ಸಂಸ್ಥಾನದ ಬೇಸಾಯಕ್ಕೆ ವಿಜ್ಞಾನದ ಬುನಾದಿ ಹಾಕಿದ ಡಾ. ಲೆಸ್ಲಿ ಸಿ. ಕೋಲ್ಮನ್ ಅವರ ಹೆಸರು ಹೆಬ್ಬಾಳದಲ್ಲಿ, ಮಂಡ್ಯದಲ್ಲಿ, ಬಾಳೆಹೊನ್ನೂರಿನಲ್ಲಿ ಇವತ್ತಿಗೂ ದೊಡ್ಡದು. ಮಲೆನಾಡಿನ ಅಡಿಕೆ ಬೆಳೆಗಾರರಿಗಂತೂ ಅದು ಮನೆಮಾತು. ನಮ್ಮ ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯಲ್ಲಿ ಆ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ನಮ್ಮ ಸಂಘದ ಗೋದಾಮಿಗೂ ಆ ಮನುಷ್ಯನ ಓದಿಗೂ ಒಂದು ನೇರ ಸಂಬಂಧ ಇದೆ. ಅದನ್ನು ಹೇಳಬೇಕೆಂದೇ ನಾವು ಅವರನ್ನು ಆರಿಸಿಕೊಂಡೆವು.

ಸಂಬಂಧ ಏನು ಅಂದ್ರೆ, ಯೂರಿಯಾ. ಪ್ರತಿ ಮುಂಗಾರಿನಲ್ಲೂ ಒಂದೆರಡು ಮಳೆ ಬಿದ್ದ ಕೂಡಲೇ ನಮ್ಮ ಸಂಘದ ಮುಂದೆ ಚೀಲಕ್ಕಾಗಿ ಸಾಲು ನಿಲ್ಲುತ್ತದೆ. ರಾಗಿಗೂ ಅದೇ, ತೊಗರಿಗೂ ಅದೇ, ಭತ್ತಕ್ಕೂ ಅದೇ, ತೆಂಗು ಅಡಿಕೆಗೂ ಅದೇ. ಒಂದು ವರ್ಷ ನಾವೇ ಆಸೆಗೆ ಬಿದ್ದು ತೊಗರಿ ಸಾಲಿಗೆ ಎರಡೆರಡು ಸಲ ಯೂರಿಯಾ ಎಸೆದೆವು. ಗಿಡ ಆಳುದ್ದ ಬೆಳೆದು ಎಲೆ ಕಪ್ಪುಹಸಿರಾಗಿ ನಿಂತಿತು. ನೋಡಿದವರೆಲ್ಲ ಹೊಗಳಿದರು. ಕಾಯಿ ಮಾತ್ರ ಕಟ್ಟಲಿಲ್ಲ. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟೇ ಇರಲಿಲ್ಲ. ಅವತ್ತು ತಲೆಗೆ ಹೊಕ್ಕ ಪ್ರಶ್ನೆ ಇದು: ಒಂದೇ ಗೊಬ್ಬರವನ್ನು ಒಂದೊಂದು ಗಿಡ ಒಂದೊಂದು ಥರ ಯಾಕೆ ತಿನ್ನುತ್ತದೆ? ಈ ಪ್ರಶ್ನೆಯ ಒಂದು ಮುಖ್ಯ ಭಾಗವನ್ನೇ ಕೋಲ್ಮನ್ ಸಾಹೇಬರು ನೂರು ವರ್ಷಕ್ಕೂ ಹಿಂದೆ ತಮ್ಮ ವ್ಯಾಸಂಗದ ವಿಷಯವಾಗಿ ಆರಿಸಿಕೊಂಡಿದ್ದರು.

ಹುಟ್ಟು ಮತ್ತು ಓದು

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರು 1878ನೇ ಇಸವಿ ಜೂನ್ 16ರಂದು ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಹುಟ್ಟಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗಿನ ಕಾಲಕ್ಕೆ ಮಣ್ಣಿನ ಶಾಸ್ತ್ರ ಕಲಿಯಬೇಕು ಅಂದ್ರೆ ಜರ್ಮನಿಗೇ ಹೋಗಬೇಕು, ಹಾಗಿತ್ತು.

ಅದಕ್ಕೆ ಕಾರಣವೂ ಇತ್ತು. ಕೋಲ್ಮನ್ ಎಂಟು ವರ್ಷದ ಹುಡುಗನಾಗಿದ್ದಾಗ, 1886ರಲ್ಲಿ, ಹೆಲ್‌ರೀಗಲ್ ಎಂಬ ಜರ್ಮನ್ ವಿಜ್ಞಾನಿ ಒಂದು ದೊಡ್ಡ ಸಂಗತಿ ಹೊರಗೆ ಹಾಕಿದರು. ಬಟಾಣಿ ಜಾತಿಯ ಗಿಡಗಳು ಬೇರುಗಂಟಿನಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕವನ್ನೇ ಉಪಯೋಗಿಸುತ್ತವೆ, ಓಟ್ಸ್‌ನಂಥ ಹುಲ್ಲು ಜಾತಿಯ ಬೆಳೆಗೆ ಆ ಸೌಲಭ್ಯ ಇಲ್ಲ ಎಂಬುದೇ ಆ ಸಂಗತಿ. ಇದಾಗಿ ನಾಲ್ಕೇ ವರ್ಷಕ್ಕೆ, 1890ರಲ್ಲಿ, ವಿನೊಗ್ರಾಡ್‌ಸ್ಕಿ ಎಂಬ ರಷ್ಯಾದ ವಿಜ್ಞಾನಿ ಮಣ್ಣಿನಲ್ಲಿ ಅಮೋನಿಯವನ್ನು ನೈಟ್ರೇಟ್ ಆಗಿ ಬದಲಾಯಿಸುವ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಈ ಬದಲಾವಣೆಗೆ ನೈಟ್ರೀಕರಣ ಎಂದು ಹೆಸರು. ಯುವಕ ಕೋಲ್ಮನ್ ಗೊಟ್ಟಿಂಗೆನ್‌ನಲ್ಲಿ ಅಧ್ಯಯನಕ್ಕೆ ಹಿಡಿದದ್ದು ಇದೇ ನೈಟ್ರೀಕರಣವನ್ನು. ಅವರ ಆ ಪ್ರಬಂಧ ಜರ್ಮನ್ ಭಾಷೆಯಲ್ಲಿ 1908ರಲ್ಲಿ ಅಚ್ಚಾಯಿತು.

ಇದು ನಮಗೇಕೆ ಬೇಕು ಅನ್ನಬೇಡಿ. ನಾವು ಹೊಲಕ್ಕೆ ಯೂರಿಯಾ ಹಾಕಿದರೆ ಗಿಡ ಯೂರಿಯಾವನ್ನೇ ನುಂಗಿಬಿಡುವುದಿಲ್ಲ. ಮಣ್ಣಿನಲ್ಲಿ ಹಸಿ ಇದ್ದರೆ ಕೆಲವೇ ದಿನದಲ್ಲಿ ಯೂರಿಯಾ ಕರಗಿ ಅಮೋನಿಯಂ ಆಗುತ್ತದೆ. ಆಮೇಲೆ ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ನೈಟ್ರೇಟ್ ಮಾಡುತ್ತವೆ. ತಿಪ್ಪೆಗೊಬ್ಬರ ಹಾಕಿದರೂ, ಹೊಂಗೆ ಸೊಪ್ಪು ತುಳಿದರೂ ಕೊನೆಗೆ ಇದೇ ದಾರಿ. ಯೂರಿಯಾ ಓಡುತ್ತದೆ, ಸೊಪ್ಪು ನಿಧಾನವಾಗಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲೊಂದು ಸೂಕ್ಷ್ಮ ಇದೆ. ಅಮೋನಿಯಂ ಅನ್ನೋದು ಜೇಡಿಯ ಕಣಕ್ಕೆ ಅಂಟಿಕೊಂಡು ಕೂರುತ್ತದೆ. ನೈಟ್ರೇಟ್ ಯಾವುದಕ್ಕೂ ಅಂಟದೆ ನೀರು ಹೋದ ಕಡೆ ಹೋಗುತ್ತದೆ. ನಮ್ಮದು ಬಹುಪಾಲು ಕೆಂಪು ಮರಳುಗೋಡು ಮಣ್ಣು, ಜೇಡಿ ಕಡಿಮೆ. ಜೋರು ಮಳೆ ಬಂದರೆ ನೈಟ್ರೇಟ್ ಬೇರು ದಾಟಿ ಕೆಳಗೆ ಇಳಿದು ಹೋಗುತ್ತದೆ. ದುಡ್ಡು ಕೊಟ್ಟು ತಂದದ್ದು ಗಿಡಕ್ಕೂ ಇಲ್ಲ, ನಮಗೂ ಇಲ್ಲ. ಸಾಲದ್ದಕ್ಕೆ ಅದು ಬೋರ್‌ವೆಲ್ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಜಾಸ್ತಿ ನೈಟ್ರೇಟ್ ಇರಬಾರದೆಂದು ಸರ್ಕಾರದ ಮಾನದಂಡ ಇದೆ, ಯಾಕೆಂದರೆ ಅದು ಎಳೆಗೂಸುಗಳ ರಕ್ತಕ್ಕೆ ಅಪಾಯ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುತ್ತಾರಲ್ಲ, ಅದರ ಒಂದು ಉದ್ದೇಶವೂ ಈ ನೈಟ್ರೀಕರಣದ ಜೀವಿಗಳನ್ನು ಸ್ವಲ್ಪ ತಡೆದು ನಿಲ್ಲಿಸುವುದೇ.

ಮೈಸೂರಿಗೆ ಬಂದದ್ದು

1908ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಶಿಲೀಂಧ್ರ ರೋಗ ಮತ್ತು ಕೀಟಗಳ ತಜ್ಞ ಎಂಬುದು ಅವರ ಹುದ್ದೆ. ಆಗವರಿಗೆ ಮೂವತ್ತು ವರ್ಷ. ಅವರಿಗಿಂತ ಮುಂಚೆಯೇ, 1899ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು, ಡಾ. ಲೇಮನ್ ಎಂಬ ರಸಾಯನ ಶಾಸ್ತ್ರಜ್ಞರನ್ನು ಕರೆಸಿ ಮಣ್ಣು, ಬೆಳೆಗಳ ಪ್ರಯೋಗಕ್ಕೆ ನಾಂದಿ ಹಾಡಿದ್ದರು. ಆ ನೆಲದ ಮೇಲೆ ಮುಂದಿನ ಕಟ್ಟಡ ಎಬ್ಬಿಸಿದವರು ಕೋಲ್ಮನ್.

ಬಂದವರೇ ಅವರು ಕಚೇರಿಯಲ್ಲಿ ಕೂರಲಿಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗ. ಎಳೆಗಾಯಿಗಳು ಕೊಳೆತು ರಾಶಿ ರಾಶಿ ಉದುರುತ್ತಿದ್ದವು. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳಲು ಒದ್ದಾಡುತ್ತಿದ್ದರು. ಕೋಲ್ಮನ್ ಆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು, ಮಳೆಗೆ ತೊಳೆದುಹೋಗದಂತೆ ಅಂಟು ಪದಾರ್ಥ ಬೆರೆಸಿ, ಮಳೆ ಹಿಡಿಯುವ ಮುಂಚೆಯೇ ಗೊನೆಗೆ ಸಿಂಪಡಿಸುವ ಪದ್ಧತಿ ರೂಢಿಗೆ ತಂದರು. ಇವತ್ತಿಗೂ ಮಲೆನಾಡು, ಕರಾವಳಿಯಲ್ಲಿ ಅಡಿಕೆ ಉಳಿದಿರುವುದು ಈ ಔಷಧಿಯಿಂದಲೇ. ಜೋಳವನ್ನು ತಿಂದು ಹಾಕುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಯ ಮೇಲೂ ಅವರು ಕೆಲಸ ಮಾಡಿದರು. ಆ ಮಿಡತೆಯ ಕುಲಕ್ಕೆ ಶಾಸ್ತ್ರಜ್ಞರು ಕೋಲ್ಮೇನಿಯ ಎಂದು ಇವರ ಹೆಸರನ್ನೇ ಇಟ್ಟರು.

ಅವರ ಕೆಲಸದ ರೀತಿ ಒಂದೇ. ಮೊದಲು ತೋಟಕ್ಕೆ ಹೋಗಿ ನೋಡಬೇಕು, ಕಾರಣ ಹಿಡಿಯಬೇಕು, ಆಮೇಲೆ ಔಷಧಿ. ಈಗ ನಾವು ಮಾಡುತ್ತಿರುವುದು ಇದರ ಉಲ್ಟಾ. ಎಲೆ ಹಳದಿ ಆಯಿತೋ, ತಗೋ ಯೂರಿಯಾ. ಹಳದಿಯಾಗಿದ್ದು ಸಾರಜನಕ ಸಾಲದೆಯೋ, ಬೇರಿಗೆ ನೀರು ನಿಂತೋ, ಕಬ್ಬಿಣ, ಸತು ಸಾಲದೆಯೋ ಅಂತ ಯಾರೂ ಕೇಳುವುದಿಲ್ಲ. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೇ ಎಲೆ. ಗಿಡ ಹಳೇ ಎಲೆಯಿಂದ ಸಾರಜನಕ ಕಿತ್ತು ಹೊಸ ಚಿಗುರಿಗೆ ಕಳಿಸುತ್ತದೆ, ಅದಕ್ಕೇ ಹೀಗೆ. ಮೇಲಿನ ಸುಳಿ ಎಲೆ ಹಳದಿಯಾದರೆ ರೋಗ ಬೇರೆ, ಅದಕ್ಕೆ ಯೂರಿಯಾ ಮದ್ದಲ್ಲ. ಇಷ್ಟು ತಿಳಿದುಕೊಂಡರೂ ನಮ್ಮ ಖರ್ಚು ಎಷ್ಟೋ ಉಳಿಯುತ್ತದೆ.

ಗುಬ್ಬಿ ಕಡೆ ನಮ್ಮಲ್ಲೂ ಅಡಿಕೆ, ತೆಂಗಿನ ತೋಟಗಳಿವೆ. ರಾಗಿಯ ಹಾಗೆ ಇವು ನಾಲ್ಕು ತಿಂಗಳ ಗಿರಾಕಿಯಲ್ಲ. ವರ್ಷಪೂರ್ತಿ ಸ್ವಲ್ಪ ಸ್ವಲ್ಪವೇ ಉಣ್ಣುವ ಮರಗಳು. ತೆಂಗಿನ ಹೊಂಬಾಳೆ ಬಿರಿಯುವ ಎರಡು ವರ್ಷಕ್ಕೂ ಮುಂಚೆಯೇ ಅದರ ಮೊಳಕೆ ಸುಳಿಯೊಳಗೆ ಕೂತಿರುತ್ತದೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಹಾಗಾಗಿ ಇವತ್ತು ಹಾಕಿದ ಗೊಬ್ಬರದ ಪೂರಾ ಫಲ ನಾಳೆಯೇ ಕಾಣಲ್ಲ, ಇವತ್ತು ಬಿಟ್ಟರೆ ಅದರ ನಷ್ಟವೂ ನಾಳೆಯೇ ಕಾಣಲ್ಲ. ಫಲಕ್ಕೆ ಬಂದ ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಎಂಬುದು ಸಂಶೋಧನಾ ಕೇಂದ್ರದ ಶಿಫಾರಸು. ತೆಂಗಿಗೆ ಮರಕ್ಕೆ 500 ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಲೆಕ್ಕ ಹಾಕಿದರೆ ಅಡಿಕೆಗೆ 220 ಗ್ರಾಂ ಯೂರಿಯಾ ಸಾಕು, ತೆಂಗಿಗೆ ಒಂದು ಕಿಲೋ ಚಿಲ್ಲರೆ. ಅದನ್ನೂ ಒಂದೇ ಸಲ ಸುರಿಯದೆ ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಎರಡು ಕಂತು ಮಾಡಬೇಕು. ನಮ್ಮ ಹಿರಿಯರು ತೋಟದ ಬದುವಿನಲ್ಲಿ ಹೊಂಗೆ ಮರ ಬೆಳೆಸಿ ಸೊಪ್ಪು ತುಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಹೊಂಗೆಯೂ ತೊಗರಿಯ ಕುಟುಂಬದ್ದೇ, ಅದರ ಬೇರಿನಲ್ಲೂ ಗಂಟು ಕಟ್ಟುತ್ತದೆ.

ನಿರ್ದೇಶಕರಾಗಿ: ರಾಗಿ ಮತ್ತು ಅಕ್ಕಡಿ ಸಾಲು

ಕೆಲವೇ ವರ್ಷದಲ್ಲಿ ಕೋಲ್ಮನ್ ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಆ ಶಾಲೆಯ ಬೇರಿನಿಂದಲೇ ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಚಿಗುರಿದ್ದು. ಕಾಕತಾಳೀಯವೋ ಏನೋ, ಅದೇ 1913ರಲ್ಲಿ ಜರ್ಮನಿಯಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ಜಗತ್ತಿನ ಮೊದಲ ದೊಡ್ಡ ಕಾರ್ಖಾನೆಯೂ ಕೆಲಸ ಆರಂಭಿಸಿತು. ಇಂದು ನಮ್ಮ ಗೋದಾಮಿನಲ್ಲಿರುವ ಯೂರಿಯಾ ಆ ಕಾರ್ಖಾನೆಯ ವಂಶದ್ದೇ.

ಕೋಲ್ಮನ್ ಇಲ್ಲಿನ ಯುವಕರನ್ನು ಹಿಡಿದು ತಯಾರು ಮಾಡಿದರು. ಕೀಟಶಾಸ್ತ್ರದಲ್ಲಿ ಕುಂಞಿ ಕಣ್ಣನ್, ರೋಗಶಾಸ್ತ್ರದಲ್ಲಿ ಎಂ.ಜೆ. ನರಸಿಂಹನ್, ತಳಿ ಅಭಿವೃದ್ಧಿಯಲ್ಲಿ ವೆಂಕಟರಾವ್ ಬಾದಾಮಿ, ಹೀಗೆ ಒಂದು ತಂಡವೇ ಅವರ ಕಾಲದಲ್ಲಿ ಕೆಲಸ ಮಾಡಿತು. ಕೆನಡಾದಲ್ಲಿ ಹುಟ್ಟಿ ಗೋಧಿ ತಿಂದು ಬೆಳೆದ ಈ ಮನುಷ್ಯ ನಮ್ಮ ರಾಗಿಯನ್ನು ಕೀಳಾಗಿ ಕಾಣಲಿಲ್ಲ. 1920ರಲ್ಲಿ ಮೈಸೂರು ಸೀಮೆಯ ರಾಗಿ ಬೇಸಾಯದ ಬಗ್ಗೆಯೇ ಇಲಾಖೆಯಿಂದ ಒಂದು ಪುಸ್ತಕ ಬರೆದು ಹೊರತಂದರು. ಬಡವರ ಊಟ ಅಂತ ಪಟ್ಟಣದವರು ಮೂಗು ಮುರಿಯುತ್ತಿದ್ದ ಬೆಳೆಗೆ ಅಷ್ಟು ಗೌರವ ಕೊಟ್ಟದ್ದು ಸಣ್ಣ ಮಾತಲ್ಲ.

ರಾಗಿ ಸಾರಜನಕ ತಿನ್ನುವ ರೀತಿ ಹೇಗೆ ಅಂದರೆ, ಅದು ಬಹಳ ಮಿತವ್ಯಯದ ಬೆಳೆ. ಜೋಳ, ಮೆಕ್ಕೆಜೋಳ, ಕಬ್ಬಿನ ಗುಂಪಿಗೆ ಸೇರಿದ್ದು. ಈ ಗುಂಪಿನ ಬೆಳೆಗಳು ಬಿಸಿಲಿನ ಶಕ್ತಿಯನ್ನು ಹಿಡಿಯಲು ಎಲೆಯಲ್ಲಿ ಕಡಿಮೆ ಸಾರಜನಕ ಇಟ್ಟುಕೊಂಡೇ ಕೆಲಸ ಸಾಗಿಸುತ್ತವೆ. ಒಣ ಹೊಲದಲ್ಲಿ ಗಾಳಿ ಆಡುವುದರಿಂದ ರಾಗಿಗೆ ಸಿಗುವುದು ಹೆಚ್ಚಾಗಿ ನೈಟ್ರೇಟ್. ಅದರ ಜೊಂಪೆ ಬೇರು ಅದನ್ನು ಹುಡುಕಿಕೊಂಡು ಹರಡುತ್ತದೆ. ತೆಂಡೆ ಒಡೆಯುವಾಗ ಹಸಿವು ಜಾಸ್ತಿ. ಆಮೇಲೆ ಎಲೆ, ಕಾಂಡದಲ್ಲಿ ಕೂಡಿಟ್ಟದ್ದನ್ನೇ ತೆನೆಗೆ ಸಾಗಿಸುತ್ತದೆ. ಅದಕ್ಕೇ ಬಿತ್ತುವಾಗ ಅರ್ಧ, ತಿಂಗಳಾದ ಮೇಲೆ ಎಡೆಕುಂಟೆ ಹೊಡೆದು ಹಸಿ ನೋಡಿ ಇನ್ನರ್ಧ ಅಂತ ಹೇಳುವುದು. ಅಗತ್ಯಕ್ಕಿಂತ ಜಾಸ್ತಿ ಹಾಕಿಬಿಟ್ಟರೆ ಕಾಂಡ ಮೆತ್ತಗಾಗಿ ಬೆಳೆ ಮಲಗುತ್ತದೆ, ಬೆಂಕಿ ರೋಗ ಬೇಗ ಹತ್ತುತ್ತದೆ.

ಮಳೆ ನಂಬಿದ ರಾಗಿಗೆ ಎಕರೆಗೆ 20 ಕಿಲೋ ಸಾರಜನಕ ಶಿಫಾರಸು. ಈಗಿನ 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಹತ್ತಿರ ಹತ್ತಿರ 21 ಕಿಲೋ. ಅಂದರೆ ಒಂದು ಚೀಲಕ್ಕೇ ಲೆಕ್ಕ ಮುಗಿಯಿತು. ಬಿತ್ತುವಾಗ 50 ಕಿಲೋ ಡಿಎಪಿ ಹಾಕಿದ್ದರೆ ಅದರಲ್ಲೇ 9 ಕಿಲೋ ಸಾರಜನಕ ಬಂದಿರುತ್ತದೆ, ಆಗ ಯೂರಿಯಾ ಅರ್ಧ ಚೀಲದ ಮೇಲೆ ಸ್ವಲ್ಪ ಇದ್ದರೆ ಆಯಿತು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬಿದ್ದ ಹೊಲಕ್ಕೆ ಇನ್ನೂ ಕಡಿಮೆ.

ಈಗ ಅಕ್ಕಡಿ ಸಾಲಿನ ವಿಚಾರ. ರಾಗಿ ಹೊಲದಲ್ಲಿ ಅಷ್ಟಷ್ಟು ದೂರಕ್ಕೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳದ ಸಾಲು ಬಿಡುವುದು ಕುಣಿಗಲ್, ಗುಬ್ಬಿ ಕಡೆ ಅಜ್ಜಂದಿರ ಕಾಲದಿಂದ ಬಂದದ್ದು. ಇದರಲ್ಲಿ ಹುಚ್ಚೆಳ್ಳು, ಸಾಸಿವೆ, ಜೋಳಕ್ಕೆ ಗಂಟಿಲ್ಲ. ಅವರೆ, ತೊಗರಿ, ಅಲಸಂದೆಗೆ ಗಂಟಿದೆ. ಒಂದು ಎಕರೆ ಹೊಲದ ಮೇಲೆ ನಿಂತ ಗಾಳಿಯಲ್ಲಿ ಸುಮಾರು 30 ಸಾವಿರ ಟನ್ ಸಾರಜನಕ ಇದೆ. ರಾಗಿ ಅದರಲ್ಲಿ ಮುಳುಗಿ ನಿಂತಿದ್ದರೂ ಒಂದು ಗ್ರಾಂ ಮುಟ್ಟಲಾರದು. ಅವರೆ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಜೀವಿ ಅದನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಕೊಡು ಕೊಳ್ಳುವ ವ್ಯವಹಾರ, ನಮ್ಮ ಸಹಕಾರ ಸಂಘದ ಹಾಗೇ. ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬಿಳಿ ಇಲ್ಲವೇ ಹಸಿರು ಇದ್ದರೆ ಕೆಲಸ ಇಲ್ಲ.

ಆದರೆ ಮಣ್ಣಿನಲ್ಲಿ ಪುಕ್ಕಟೆ ಸಾರಜನಕ ಹೇರಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ನಮ್ಮ ತೊಗರಿಗೆ ಆದದ್ದು ಇದೇ. ಅದಕ್ಕೇ ತೊಗರಿ, ಅವರೆಗೆ ಸಾರಜನಕದ ಶಿಫಾರಸು ರಾಗಿಯ ಅರ್ಧ ಮಾತ್ರ, ಅದೂ ಗಂಟು ಕಟ್ಟುವ ತನಕ ಕೈ ಹಿಡಿಯಲಿ ಅಂತ. ಅವುಗಳಿಗೆ ಮುಖ್ಯವಾಗಿ ಬೇಕಾದ್ದು ರಂಜಕ. ಬೀಜಕ್ಕೆ ರೈಜೋಬಿಯಂ ಪುಡಿ ಲೇಪಿಸಿ ಬಿತ್ತಿದರೆ ಆಗುವ ಖರ್ಚು ಯೂರಿಯಾ ಚೀಲಕ್ಕೆ ಹೋಲಿಸಿದರೆ ಏನೂ ಅಲ್ಲ. ಒಂದು ಮಾತು ಮಾತ್ರ ಸರಿಯಾಗಿ ತಿಳಿಯಬೇಕು. ಪಕ್ಕದ ಸಾಲಿನಲ್ಲಿ ಅವರೆ ಇದೆ ಅಂದಾಕ್ಷಣ ರಾಗಿಗೆ ಅದೇ ವರ್ಷ ಗೊಬ್ಬರ ಬೇಡ ಅಂತಲ್ಲ. ಲಾಭ ಹೆಚ್ಚಾಗಿ ಬರುವುದು ಮುಂದಿನ ಬೆಳೆಗೆ, ಉದುರಿದ ಎಲೆ, ಕೊಳೆತ ಬೇರಿನಿಂದ. ಬೇರುಸಹಿತ ಕಿತ್ತು ಹೊರಗೆ ಸಾಗಿಸಿಬಿಟ್ಟರೆ ಆ ಲಾಭವೂ ಹೋಯಿತು.

ಶ್ರೀಗಂಧದ ಗುಟ್ಟು

ಕೋಲ್ಮನ್ ಕೈಹಾಕಿದ ಇನ್ನೊಂದು ದೊಡ್ಡ ಕೆಲಸ ಶ್ರೀಗಂಧದ ಸ್ಪೈಕ್ ರೋಗ. ಸಂಸ್ಥಾನದ ಬೊಕ್ಕಸಕ್ಕೆ ಗಂಧ ಬಲವಾದ ಆದಾಯ. ಮರಗಳು ಎಲೆ ಚಿಕ್ಕದಾಗಿ, ಕೊಂಬೆ ಮುಳ್ಳುಕಂತೆಯಂತಾಗಿ ಸಾಯುತ್ತಿದ್ದವು. ಇದು ಒಂದು ಮರದಿಂದ ಇನ್ನೊಂದಕ್ಕೆ ಕಸಿಯ ಮೂಲಕ ಅಂಟುತ್ತದೆಂದು 1917ರ ಹೊತ್ತಿಗೆ ಅವರು ತೋರಿಸಿದರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಾದ ನಂತರ.

ಸಾರಜನಕದ ಕಥೆಯಲ್ಲಿ ಗಂಧದ್ದು ಬೇರೆಯೇ ದಾರಿ. ಅದು ಪಕ್ಕದ ಗಿಡದ ಬೇರಿಗೆ ತನ್ನ ಬೇರಿನಿಂದ ಬಾಯಿ ಹಾಕಿ ನೀರು, ಸಾರಜನಕ ಎಲ್ಲ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ತೊಗರಿ, ಹೊಂಗೆ, ಸರ್ವೆಯಂಥ ಗಾಳಿಯ ಸಾರಜನಕ ಹಿಡಿಯುವ ಗಿಡ ಇದ್ದರೆ ಗಂಧ ಚೆನ್ನಾಗಿ ಬೆಳೆಯುತ್ತದೆ. 2001ರ ಕಾನೂನು ತಿದ್ದುಪಡಿಯಾದ ಮೇಲೆ ನಮ್ಮ ಸ್ವಂತ ಜಮೀನಿನಲ್ಲಿ ಬೆಳೆದ ಗಂಧಕ್ಕೆ ನಾವೇ ಮಾಲೀಕರು. ನಮ್ಮ ಸೀಮೆಯಲ್ಲೂ ಕೆಲವರು ಹಾಕಿದ್ದಾರೆ. ಗಂಧದ ಸಸಿ ಬಡಕಲಾಯಿತು ಅಂತ ಅದರ ಬುಡಕ್ಕೆ ಯೂರಿಯಾ ಸುರಿಯುವ ಮುಂಚೆ ಅದರ ಜೊತೆಗೆ ಏನು ನೆಟ್ಟಿದ್ದೇವೆ ಅಂತ ನೋಡಬೇಕು. ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ.

ಮಂಡ್ಯ, ಕಾಫಿ ಮತ್ತು ಕೊನೆಯ ದಿನಗಳು

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದು ಕೋಲ್ಮನ್ ಅವರ ಪ್ರಯತ್ನದಿಂದ. ಕನ್ನಂಬಾಡಿ ಕಟ್ಟೆ ಆಗಿ ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಹರಿದಾಗ, ಒಣ ಬೇಸಾಯ ಬಿಟ್ಟು ಬೇರೆ ಗೊತ್ತಿಲ್ಲದ ರೈತರು ನೀರು ಹೇಗೆ ಬಳಸಬೇಕೆಂದು ತಿಳಿಯದೆ ನಿಂತಿದ್ದರು. 1931ರಲ್ಲಿ ಅಲ್ಲಿ ಪ್ರಯೋಗ ಕ್ಷೇತ್ರ ಆಯಿತು, ಅದೇ ಇಂದಿನ ವಿ.ಸಿ. ಫಾರಂ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಎರಡರ ಹಿಂದೆಯೂ ಕೋಲ್ಮನ್ ಇದ್ದರು. ಅದೇ ವಿ.ಸಿ. ಫಾರಂನಲ್ಲಿ ಮುಂದೆ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಆ ಇಂಡಾಫ್ ಬಿತ್ತಿ ಬೆಳೆದು ಮುದ್ದೆ ಉಂಡವರೇ ನಾವೆಲ್ಲ.

ನೀರು ಬಂದ ಕಡೆ ಭತ್ತ ಬರುತ್ತದೆ. ನಮ್ಮ ಕುಣಿಗಲ್ ದೊಡ್ಡ ಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಮಾರ್ಕೋನಹಳ್ಳಿ ಅಚ್ಚುಕಟ್ಟುಗಳಲ್ಲೂ ಅದೇ ಆಯಿತು. ಭತ್ತ ಸಾರಜನಕ ತಿನ್ನುವುದು ರಾಗಿಗೆ ತದ್ವಿರುದ್ಧ. ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಇಲ್ಲ. ಗಾಳಿ ಇಲ್ಲದೆ ನೈಟ್ರೀಕರಣದ ಜೀವಿಗಳ ಕೆಲಸ ನಿಲ್ಲುತ್ತದೆ. ಸಾರಜನಕ ಅಮೋನಿಯಂ ರೂಪದಲ್ಲೇ ಉಳಿಯುತ್ತದೆ, ಭತ್ತ ಅದನ್ನೇ ಇಷ್ಟಪಟ್ಟು ತಿನ್ನುತ್ತದೆ. ಬೇರಿಗೆ ಬೇಕಾದ ಗಾಳಿಯನ್ನು ಎಲೆ, ಕಾಂಡದ ಒಳಗಿನ ಕೊಳವೆಗಳಿಂದ ಕೆಳಕ್ಕೆ ಕಳಿಸಿಕೊಳ್ಳುತ್ತದೆ. ನಿಂತ ನೀರಿನ ಮೇಲೆ ಯೂರಿಯಾ ಎಸೆದರೆ ಒಂದಷ್ಟು ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ಗದ್ದೆಯನ್ನು ಒಣಗಿಸಿ ನೆನೆಸಿ, ಒಣಗಿಸಿ ನೆನೆಸಿ ಮಾಡಿದರೆ ನೈಟ್ರೇಟ್ ಆಗಿ, ಮತ್ತೆ ನೀರು ನಿಂತಾಗ ಅದೂ ಅನಿಲವಾಗಿ ಗಾಳಿಗೆ ಹೋಗುತ್ತದೆ. ಅದಕ್ಕೇ ಮೇಲುಗೊಬ್ಬರ ಕೊಡುವಾಗ ನೀರು ಬಸಿದು, ಕೆಸರಿಗೆ ಗೊಬ್ಬರ ಕೊಟ್ಟು, ಆಮೇಲೆ ನೀರು ಕಟ್ಟಬೇಕು. ಒಣ ಹೊಲದಲ್ಲಿ ಕೋಲ್ಮನ್ ಅಭ್ಯಾಸ ಮಾಡಿದ ಆ ಜೀವಿಗಳು ರಾಗಿಗೆ ಅಡುಗೆಯವರು. ಕೆಸರು ಗದ್ದೆಯಲ್ಲಿ ಅವು ಇಲ್ಲದಿದ್ದರೇ ಭತ್ತಕ್ಕೆ ಅನುಕೂಲ.

ನಡುವೆ ಕೆಲವು ವರ್ಷ ಬಿಟ್ಟರೆ 1934ರವರೆಗೂ ಕೋಲ್ಮನ್ ಮೈಸೂರಿನ ಸೇವೆಯಲ್ಲಿದ್ದರು. ಆಮೇಲೆ ನಿವೃತ್ತರಾಗಿ ತಾಯ್ನಾಡಿಗೆ ಹಿಂದಿರುಗಿದರು. 1954ರಲ್ಲಿ ತಮ್ಮ 76ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋದ ಹತ್ತು ವರ್ಷಕ್ಕೆ, 1964ರಲ್ಲಿ, ಹೆಬ್ಬಾಳದ ಶಾಲೆಯ ನೆಲದಲ್ಲಿ ಕೃಷಿ ವಿಶ್ವವಿದ್ಯಾಲಯ ನಿಂತಿತು.

ನಮ್ಮ ಸಂಘ ಮಾಡಬೇಕಾದದ್ದು

ಕೋಲ್ಮನ್ ಸಾಹೇಬರು ಯೂರಿಯಾ ಮಾರಿದವರಲ್ಲ, ಯೂರಿಯಾ ಬೇಡ ಅಂದವರೂ ಅಲ್ಲ. ಗಿಡವನ್ನೂ ಮಣ್ಣನ್ನೂ ಕೇಳಿ ಆಮೇಲೆ ರೈತನಿಗೆ ಹೇಳಿದವರು. ಬೆಳ್ಳಿ ಹಬ್ಬದ ಈ ಹೊತ್ತಿನಲ್ಲಿ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರತಿ ವಾರ್ಷಿಕ ಮಹಾಸಭೆಯಲ್ಲೂ ಹೋದ ವರ್ಷಕ್ಕಿಂತ ಈ ವರ್ಷ ಇಷ್ಟು ಚೀಲ ಜಾಸ್ತಿ ಮಾರಿದೆವು ಅಂತ ಓದಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇವೆ. ಜಾಸ್ತಿ ಮಾರಿದ್ದೇ ಏಳಿಗೆ ಅಂತ ತಿಳಿದಿದ್ದೆವು. ಆ ಚೀಲಗಳಲ್ಲಿ ಎಷ್ಟು ಬೆಳೆಗೆ ಸೇರಿತು, ಎಷ್ಟು ಬೋರ್‌ವೆಲ್‌ಗೆ ಸೇರಿತು ಅಂತ ನಾವು ಕೇಳಲಿಲ್ಲ. ಬರೀ ಯೂರಿಯಾ ನಂಬಿದರೆ ನಮ್ಮ ಕೆಂಪು ಮಣ್ಣು ವರ್ಷದಿಂದ ವರ್ಷಕ್ಕೆ ಹುಳಿಯಾಗುತ್ತದೆ, ಯಾಕೆಂದರೆ ನೈಟ್ರೀಕರಣ ನಡೆದಾಗಲೆಲ್ಲ ಸ್ವಲ್ಪ ಆಮ್ಲ ಹುಟ್ಟುತ್ತದೆ. ಜಿ.ಕೆ.ವಿ.ಕೆ.ಯಲ್ಲಿ ರಾಗಿಯ ಮೇಲೆ ದಶಕಗಳ ಕಾಲ ನಡೆದ ಪ್ರಯೋಗಗಳಲ್ಲೂ ಇಳುವರಿ ಕುಸಿಯದೆ ನಿಂತದ್ದು ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕ ಗೊಬ್ಬರವನ್ನೂ ಕೂಡಿಸಿ ಹಾಕಿದ ತಾಕಿನಲ್ಲಿ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಚೀಲ ಕೇಳಲು ಬಂದಾಗ ಯಾವ ಬೆಳೆಗೆ, ಎಷ್ಟು ಎಕರೆಗೆ ಅಂತ ಹೇಳಿ. ನಮ್ಮ ಗುಮಾಸ್ತರು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಬೇಸಿಗೆಯಲ್ಲಿ ಹೊಲದ ನಾಲ್ಕಾರು ಕಡೆಯಿಂದ ಮಣ್ಣು ತೆಗೆದು ಪರೀಕ್ಷೆಗೆ ಕೊಡಿ. ರೈಜೋಬಿಯಂ ಪುಡಿಯನ್ನೂ, ಅಪ್ಸೆಣಬು, ಡಯಾಂಚದ ಬೀಜವನ್ನೂ ಯೂರಿಯಾದ ಪಕ್ಕದಲ್ಲೇ ಇಟ್ಟು ಮಾರುವಂತೆ ಆಡಳಿತ ಮಂಡಳಿಯನ್ನು ನಾವು ಒತ್ತಾಯಿಸುತ್ತೇವೆ. ಬಿಟ್ಟುಹೋದ ಅಕ್ಕಡಿ ಸಾಲನ್ನು ಮತ್ತೆ ಬಿಡಿ. ಬದುವಿನ ಹೊಂಗೆ ಕಡಿಯಬೇಡಿ.

ಮುಂದಿನ ಸಲ ಅವರೆ ಹೊಲಕ್ಕೆ ಹೋದಾಗ ಒಂದು ಗಿಡವನ್ನು ನಿಧಾನವಾಗಿ ಮಣ್ಣುಸಮೇತ ಎತ್ತಿ, ಬೇರು ತೊಳೆದು, ಒಂದು ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಆ ಸಾಲಿಗೆ ಯೂರಿಯಾ ಹಾಕಬೇಡಿ. ಆ ದುಡ್ಡು ಸಂಘದ ನಿಮ್ಮ ಉಳಿತಾಯ ಖಾತೆಯಲ್ಲಿ ಇರಲಿ.